ಎರಡು ಡಬ್ಬಿ ಎಳೆಯುವ ಉದ್ದ ಗಾಡಿಗಳು: ನಮ್ಮ ದ್ವಿಪಥ ರಸ್ತೆಗಳಿಗೆ ಯಾವ ನಿಯಮ ಬೇಕು?

ಕೃಷ್ಣಾತೀರ

2025ರಲ್ಲಿ ನಾಗಪುರದಲ್ಲಿ ವೋಲ್ವೋ ರೋಡ್ ಟ್ರೇನ್‌ಗೆ ನಿತಿನ್ ಗಡ್ಕರಿ ಚಾಲನೆ ಕೊಟ್ಟರಲ್ವಾ, ಅವತ್ತಿನಿಂದ ನನ್ನ ಗೆಳೆಯರ ನಡುವೆ ಇದೇ ವಾದ. ಮುಂದೆ ಒಂದು ಎಂಜಿನ್, ಅದರ ಹಿಂದೆ 24 ಅಡಿಯ ಟ್ರೇಲರ್, ಅದಕ್ಕೆ ಸೇರಿಸಿ 44 ಅಡಿಯ ಇನ್ನೊಂದು. ನಾಗಪುರದಿಂದ ಮುಂಬೈ ಹತ್ತಿರದ ಭಿವಂಡಿಗೆ ಸರಕು ಸಾಗಿಸಲು ತಂದದ್ದು. ಕರ್ನಾಟಕಕ್ಕೂ ಬರಲಿ, ಸಾಗಣೆ ಖರ್ಚು ಇಳಿಯುತ್ತದೆ ಅನ್ನುವವರು ಕೆಲವರು. ಇಲ್ಲಿಗೆ ಬಂದರೆ ಜನ ಸಾಯುತ್ತಾರೆ ಅನ್ನುವವರು ಕೆಲವರು.

ನಾನು ಹೇಳುವುದು ಬೇರೆ. ಉದ್ದ ಗಾಡಿ ನಮ್ಮಲ್ಲಿ ಆಗಲೇ ಇದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ ಕಡೆ ಬಂದು ನೋಡಿ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಡಬ್ಬಿ (ಟ್ರೇಲರ್), ಡಬ್ಬಿಯ ಎರಡೂ ಕಡೆ ಚಾಚಿಕೊಂಡ ಕಬ್ಬು. ಹಿಂದಿನ ಡಬ್ಬಿಗೆ ದೀಪ ಇರುವುದಿಲ್ಲ. ಇದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ರೋಡ್ ಟ್ರೇನ್‌ಗೆ ಇರುವ ಏರ್ ಬ್ರೇಕ್, ದೀಪ, ತರಬೇತಿ ಪಡೆದ ಚಾಲಕ, ಯಾವುದೂ ಇದಕ್ಕಿಲ್ಲ. ಆದರೆ ಓಡುವುದು ಮಾತ್ರ ಏಳು ಮೀಟರ್ ಅಗಲದ ರಸ್ತೆಯಲ್ಲಿ, ಬಸ್ಸು ಬೈಕುಗಳ ಜೊತೆಗೇ.

ಒಂದು ಲೆಕ್ಕ ನೋಡಿ. ರಾತ್ರಿ ನೀವು 80ರ ವೇಗದಲ್ಲಿ ಕಾರಿನಲ್ಲಿ ಬರುತ್ತಿದ್ದೀರಿ. ಮುಂದಿನ ಟ್ರ್ಯಾಕ್ಟರ್ 20ರಲ್ಲಿ ಹೋಗುತ್ತಿದೆ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್‌ನಂತೆ ನೀವು ಅದರ ಹತ್ತಿರ ಹೋಗುತ್ತೀರಿ. ಡಿಪ್ ಲೈಟಿನಲ್ಲಿ ದೀಪವಿಲ್ಲದ ಡಬ್ಬಿ 50 ಮೀಟರ್ ದೂರದಲ್ಲಿ ಕಂಡಿತು ಅಂತಲೇ ಇಟ್ಟುಕೊಳ್ಳಿ. ನಿಮಗೆ ಸಿಗುವುದು ಮೂರು ಸೆಕೆಂಡ್. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರಲು ನಮ್ಮ ಐ.ಆರ್.ಸಿ. (ರಸ್ತೆ ಮಾನದಂಡ ಹಾಕುವ ಇಂಡಿಯನ್ ರೋಡ್ಸ್ ಕಾಂಗ್ರೆಸ್) ರಸ್ತೆ ವಿನ್ಯಾಸದಲ್ಲಿ ಹಿಡಿಯುವ ಸಮಯವೇ ಎರಡೂವರೆ ಸೆಕೆಂಡ್. ಉಳಿದ ಅರ್ಧ ಸೆಕೆಂಡಿನಲ್ಲಿ ಯಾವ ಕಾರೂ ನಿಲ್ಲುವುದಿಲ್ಲ.

ಉದ್ದ ಗಾಡಿ ಬೇಕೋ ಬೇಡವೋ ಅನ್ನುವುದಕ್ಕಿಂತ, ಉದ್ದ ಗಾಡಿ ಓಡಬೇಕಾದರೆ ಏನೇನು ಇರಲೇಬೇಕು ಅಂತ ಮಾತಾಡೋಣ. ಡ್ರೈವರ್‌ಗಳು, ರೈತರು, ಹೊರದೇಶದಲ್ಲಿ ಇಂಥ ಗಾಡಿ ನೋಡಿದವರು ಬರೆಯಿರಿ.

ಮುಧೋಳ_ಟ್ರ್ಯಾಕ್ಟರ್

ಸರ್, ನನ್ನದೂ ಡಬಲ್ ಡಬ್ಬಿ ಗಾಡಿಯೇ. ನೀವು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದೀರಿ.

ನಮಗೆ ಬಾಡಿಗೆ ಬರುವುದು ಟನ್ ಲೆಕ್ಕದಲ್ಲಿ. ಡ್ರೈವರ್ ಒಬ್ಬನೇ, ಡೀಸೆಲ್ ಸ್ವಲ್ಪ ಜಾಸ್ತಿ, ಒಯ್ಯುವುದು ಎರಡು ಪಟ್ಟು. ಕಾರ್ಖಾನೆ ಯಾರ್ಡಿನಲ್ಲಿ ಪಾಳಿ ಹಚ್ಚಿ ಕಾಯುವುದು ಒಂದು ಡಬ್ಬಿಗೂ ಅಷ್ಟೇ, ಎರಡಕ್ಕೂ ಅಷ್ಟೇ. ಒಮ್ಮೊಮ್ಮೆ ಹಗಲು ರಾತ್ರಿ ಅಲ್ಲೇ ಕಳೆಯುತ್ತೇವೆ. ಒಂದೇ ಡಬ್ಬಿ ಅಂದರೆ ಗಾಡಿ ಕಂತು ಕಟ್ಟಲು ಆಗುವುದಿಲ್ಲ. ಬಾಡಿಗೆ ಏರಿಸಿದರೆ ಅದು ಯಾರ ತಲೆಗೆ? ನಮ್ಮ ಕಡೆ ಕಟಾವು, ಸಾಗಣೆ ಖರ್ಚು ರೈತನ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ.

ಇನ್ನೊಂದು ಮಾತು. ಡಬಲ್ ಡಬ್ಬಿ ನಿಲ್ಲಿಸಿದರೆ ಅದೇ ಕಬ್ಬಿಗೆ ಎರಡು ಪಟ್ಟು ಟ್ರ್ಯಾಕ್ಟರ್ ರಸ್ತೆಗೆ ಬರುತ್ತವೆ. ಆಗ ಅಪಘಾತ ಕಡಿಮೆ ಆಗುತ್ತದಾ?

ರಾತ್ರಿ ಯಾಕೆ ಹೊಡೆಯುತ್ತೀರಿ ಅಂತಲೂ ಕೇಳುತ್ತಾರೆ. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ. ತೂಕ ಹೋಗುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರು ಸಂಜೆ ಡಬ್ಬಿ ತುಂಬಿ ಕೊಟ್ಟರೆ ಬೆಳಿಗ್ಗೆತನಕ ಹೊಲದಲ್ಲಿ ಇಟ್ಟುಕೊಂಡು ಕೂರಲು ಆಗುವುದಿಲ್ಲ.

ಬಸ್_ಸ್ಟೇರಿಂಗ್

ನಾನು ಆ ಕಡೆ ರೂಟಿನಲ್ಲಿ ಬಸ್ ಓಡಿಸುತ್ತೇನೆ. ಟ್ರ್ಯಾಕ್ಟರಿನವರ ಕಷ್ಟ ಗೊತ್ತು. ನಮ್ಮ ಕಷ್ಟವೂ ಕೇಳಿ.

ಹಗಲಲ್ಲಿ ಇವರನ್ನು ಓವರ್‌ಟೇಕ್ ಮಾಡುವುದು ದೊಡ್ಡ ಕಷ್ಟ ಅಲ್ಲ, ನಿಧಾನ ಹೋಗುತ್ತಾರೆ. ತೊಂದರೆ ಆಗುವುದು ತಿರುವಿನಲ್ಲಿ, ಊರೊಳಗಿನ ಕ್ರಾಸಿನಲ್ಲಿ. ಟ್ರ್ಯಾಕ್ಟರ್ ಎಡಕ್ಕೆ ತಿರುಗಿದರೆ ಮೊದಲ ಡಬ್ಬಿ ಅದಕ್ಕಿಂತ ಒಳಗೆ ಬರುತ್ತದೆ, ಎರಡನೆಯದು ಇನ್ನೂ ಒಳಗೆ. ಆ ಸಂದಿಯಲ್ಲಿ ಸ್ಕೂಟರಿನವರು ನುಗ್ಗಿರುತ್ತಾರೆ. ಡ್ರೈವರ್‌ಗೆ ಅವರು ಕಾಣುವುದೇ ಇಲ್ಲ, ಕಬ್ಬು ಕನ್ನಡಿಯನ್ನು ಮುಚ್ಚಿರುತ್ತದೆ. ಮೇಲಾಗಿ ಟೇಪ್ ರೆಕಾರ್ಡರ್ ಸದ್ದು. ನಾನು ಹಾರ್ನ್ ಹೊಡೆದರೂ ಕೇಳಿಸುವುದಿಲ್ಲ. ಆ ಸದ್ದನ್ನಾದರೂ ಕಡಿಮೆ ಮಾಡಿ ಅಣ್ಣಾ, ಅದಕ್ಕೆ ದುಡ್ಡು ಬೇಕಾಗಿಲ್ಲ.

ರೋಡ್ ಟ್ರೇನ್ ಬಗ್ಗೆ ನನ್ನ ಮಾತು ಇಷ್ಟೇ: ಮಧ್ಯೆ ಡಿವೈಡರ್ ಇಲ್ಲದ ರಸ್ತೆಗೆ ಬೇಡ.

ಪರ್ತ್_ಕನ್ನಡಿಗ

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸರಕು ಸಾಗಣೆ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ರೋಡ್ ಟ್ರೇನ್ ಇಲ್ಲಿ ದಿನನಿತ್ಯದ ಮಾತು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಇಲ್ಲಿ ಇದು ಹುಟ್ಟಿದ್ದೇ ಅನಿವಾರ್ಯದಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಲಿಸ್ ಸ್ಪ್ರಿಂಗ್ಸ್‌ನ ಕರ್ಟ್ ಯೋಹಾನ್ಸನ್ ಅನ್ನುವವರು ಸೈನ್ಯದ ಹಳೆಯ ಡೈಮಂಡ್ ಟಿ ಲಾರಿಗೆ ಟ್ರೇಲರ್‌ಗಳನ್ನು ಜೋಡಿಸಿ ದನ ಸಾಗಿಸಲು ಶುರು ಮಾಡಿದರು. ರೈಲು ದಾರಿಯಿಂದ ದೂರದ, ಊರುಗಳ ಮಧ್ಯೆ ನೂರಾರು ಕಿಲೋಮೀಟರ್ ಬರಡು ಭೂಮಿ ಇರುವ ಜಾಗ ಅದು. ಇವತ್ತು ಮೂರು ಟ್ರೇಲರ್ ಗಾಡಿ 53.5 ಮೀಟರ್‌ವರೆಗೆ ಇರಬಹುದು. ಎರಡು ಟ್ರೇಲರ್‌ನ ಬಿ-ಡಬಲ್ ಅಂದರೆ ಸಾಮಾನ್ಯವಾಗಿ 26 ಮೀಟರ್‌ವರೆಗೆ.

ಆದರೆ 53.5 ಮೀಟರ್ ಗಾಡಿ ಎಲ್ಲಿ ಬೇಕಾದರೂ ಹೋಗುವ ಹಾಗಿಲ್ಲ. ಯಾವ ರಸ್ತೆಗೆ ಎಷ್ಟು ಉದ್ದದ ಗಾಡಿ ಅಂತ ನಕ್ಷೆಯಲ್ಲೇ ಗುರುತು ಹಾಕಿರುತ್ತಾರೆ. ಉತ್ತರದ ಗಣಿ ಕಡೆಯಿಂದ ಗ್ರೇಟ್ ನಾರ್ದರ್ನ್ ಹೆದ್ದಾರಿಯಲ್ಲಿ ಬರುವ ಟ್ರಿಪಲ್‌ಗಳು ಪರ್ತ್ ನಗರದ ಹೊರಗೆ ಮುಚಿಯಾದಲ್ಲಿ ನಿಲ್ಲಬೇಕು. ಅಲ್ಲಿ ಟ್ರೇಲರ್ ಬಿಚ್ಚಿ, ಚಿಕ್ಕ ಜೋಡಿ ಮಾಡಿಕೊಂಡು ನಗರದೊಳಗೆ ಬರುತ್ತವೆ. ಗಾಡಿಯ ಮುಂದೆ ಹಿಂದೆ ಹಳದಿ ಫಲಕದಲ್ಲಿ ದಪ್ಪ ಅಕ್ಷರದಲ್ಲಿ 'ರೋಡ್ ಟ್ರೇನ್' ಅಂತ ಬರೆದಿರಲೇಬೇಕು.

ಓವರ್‌ಟೇಕ್ ಲೆಕ್ಕ ಹೇಳುತ್ತೇನೆ. ಗಾಡಿ 90ರಲ್ಲಿದೆ, ನೀವು 110ರಲ್ಲಿ ದಾಟುತ್ತೀರಿ. ಮುಂದೆ ಹಿಂದೆ 30 ಮೀಟರ್ ಅಂತರ ಬಿಟ್ಟುಕೊಂಡರೆ ನಿಮಗೆ 21 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು 650 ಮೀಟರ್ ಹೋಗಿರುತ್ತೀರಿ. ಎದುರಿನವನೂ ಅದೇ ವೇಗದಲ್ಲಿ ಬಂದರೆ, ಶುರುವಿನಲ್ಲೇ 1.3 ಕಿಲೋಮೀಟರ್ ರಸ್ತೆ ಖಾಲಿ ಕಾಣಬೇಕು. ಇಲ್ಲಿನ ನೇರ ರಸ್ತೆಗಳಲ್ಲಿ ಕಾಣುತ್ತದೆ. ಜಮಖಂಡಿ ರಸ್ತೆಯಲ್ಲಿ ಅಷ್ಟು ದೂರ ಎಲ್ಲಿ ಕಾಣುತ್ತದೆ?

ಈಗ ಜೋಡಣೆ ವಿಷಯ, ಇದೇ ಮುಖ್ಯ. ಡ್ರಾಬಾರ್ (ಟ್ರೇಲರಿನ ಮುಂದೆ ಚಾಚಿರುವ ಎಳೆಯುವ ಕಂಬಿ) ಮತ್ತು ಪಿನ್ ಹಾಕಿ ಎಳೆಯುವುದಕ್ಕೆ ಇಲ್ಲಿ ಎ-ಕಪ್ಲಿಂಗ್ ಅನ್ನುತ್ತಾರೆ. ಮುಂದಿನ ಡ್ರೈವರ್ ಸ್ಟೇರಿಂಗ್ ಸ್ವಲ್ಪ ಎಳೆದರೆ ಕೊನೆಯ ಟ್ರೇಲರ್ ಅದಕ್ಕಿಂತ ಜೋರಾಗಿ ಬೀಸುತ್ತದೆ. ವೇಗ ಹೆಚ್ಚಿದಷ್ಟೂ ಬೀಸುವುದೂ ಹೆಚ್ಚು. ಬಿ-ಡಬಲ್‌ನಲ್ಲಿ ಹಾಗಲ್ಲ. ಮೊದಲ ಟ್ರೇಲರಿನ ಹಿಂಭಾಗದಲ್ಲೇ ಟರ್ನ್‌ಟೇಬಲ್, ಅಂದರೆ ತಿರುಗುವ ತಟ್ಟೆ, ಇರುತ್ತದೆ, ಎರಡನೆಯದು ಅದರ ಮೇಲೆ ಕೂರುತ್ತದೆ. ಒಂದು ವಾಲಲು ಹೋದರೆ ಇನ್ನೊಂದು ಹಿಡಿದುಕೊಳ್ಳುತ್ತದೆ.

2007ರಿಂದ ಇಲ್ಲಿ ಪಿ.ಬಿ.ಎಸ್. (ಪರ್ಫಾರ್ಮೆನ್ಸ್ ಬೇಸ್ಡ್ ಸ್ಟ್ಯಾಂಡರ್ಡ್ಸ್) ಅನ್ನುವ ಪದ್ಧತಿ ಇದೆ. ಗಾಡಿ ಎಷ್ಟು ಉದ್ದ ಅಂತ ಮಾತ್ರ ನೋಡದೆ, ಅದು ರಸ್ತೆಯ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಅಂತ ಅಳೆಯುತ್ತಾರೆ. ತಿರುವಿನಲ್ಲಿ ಎಷ್ಟು ಜಾಗ ತಿನ್ನುತ್ತದೆ, ಕೊನೆಯ ಟ್ರೇಲರ್ ಎಷ್ಟು ಬೀಸುತ್ತದೆ, ಬ್ರೇಕ್ ಹಾಕಿದಾಗ ನೇರ ನಿಲ್ಲುತ್ತದಾ, ಏರಿನಲ್ಲಿ ನಿಂತು ಮತ್ತೆ ಹೊರಡುತ್ತದಾ. ಪಕ್ಕಕ್ಕೆ ಉರುಳದೆ ತಡೆಯುವ ಮಿತಿ ಸಾಮಾನ್ಯ ಗಾಡಿಗೆ 0.35 ಜಿ (ಜಿ ಅಂದರೆ ಗುರುತ್ವದ ಎಳೆತ; ಪಕ್ಕಕ್ಕೆ ಅದರ ಅಷ್ಟು ಪಾಲು ಎಳೆದರೂ ಉರುಳಬಾರದು), ಅಪಾಯಕಾರಿ ವಸ್ತು ಒಯ್ಯುವ ಟ್ಯಾಂಕರಿಗೆ 0.40 ಜಿ ಇರಲೇಬೇಕು. ಎತ್ತರಕ್ಕೆ ಒಟ್ಟಿದ ಕಬ್ಬಿನ ಡಬ್ಬಿಯನ್ನು ಈ ಪರೀಕ್ಷೆಗೆ ನಿಲ್ಲಿಸಿದರೆ ಏನಾಗುತ್ತದೆ ಅಂತ ಯೋಚಿಸಿ.

ವೆಲ್ಡಿಂಗ್_ಕೆಲಸ

ಪರ್ತಿನ ಸಾಹೇಬ್ರು ಹೇಳಿದ ಪಿನ್ನಿನ ವಿಷಯ ನಾನು ದಿನಾ ಕಣ್ಣಾರೆ ನೋಡುತ್ತೇನೆ. ಡಬ್ಬಿ ಕಟ್ಟುವುದು, ರಿಪೇರಿ ಮಾಡುವುದೇ ನನ್ನ ಕೆಲಸ.

ಡ್ರಾಬಾರಿನ ತೂತು ದುಂಡಗಿರಬೇಕು. ಒಂದು ಹಂಗಾಮು ಎಳೆದ ಮೇಲೆ ಬಂದರೆ ಅದು ಮೊಟ್ಟೆಯ ಆಕಾರಕ್ಕೆ ತಿರುಗಿರುತ್ತದೆ. ಪಿನ್ನು ಅದರಲ್ಲಿ ಹಿಂದೆ ಮುಂದೆ ಬಡಿಯುತ್ತಾ ಇರುತ್ತದೆ. ಬ್ರೇಕ್ ಹಾಕಿದಾಗೊಮ್ಮೆ, ಗೇರ್ ಬಿಟ್ಟಾಗೊಮ್ಮೆ ಟಣ್ ಅನ್ನುತ್ತದೆ. ಪಿನ್ನಿನ ಕೆಳಗೆ ಲಾಕ್ ಹಾಕುವ ಕ್ಲಿಪ್ ಕಳೆದುಹೋಗಿ, ಅದರ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತಿರುತ್ತಾರೆ. ಏರಿನಲ್ಲಿ ಆ ವೈರ್ ಹರಿದು ಪಿನ್ನು ಮೇಲೆದ್ದರೆ ಹಿಂದಿನ ಡಬ್ಬಿ ತಾನಾಗಿ ಹಿಂದಕ್ಕೆ ಹೊರಡುತ್ತದೆ. ಅದನ್ನು ಹಿಡಿಯಲು ಸೇಫ್ಟಿ ಚೈನ್ ಇರಬೇಕು. ಹಾಕಿಸಿ ಅಂದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.

ಬ್ರೇಕ್ ಮಾತಂತೂ ಕೇಳಲೇಬೇಡಿ. ನನ್ನ ಹತ್ತಿರ ಬರುವ ಬಹುತೇಕ ಡಬ್ಬಿಗಳಿಗೆ ಬ್ರೇಕೇ ಇಲ್ಲ. ಇಳುಕಲಿನಲ್ಲಿ ಎರಡು ಡಬ್ಬಿಯ ಭಾರವನ್ನೂ ಟ್ರ್ಯಾಕ್ಟರಿನ ಹಿಂದಿನ ಗಾಲಿಯೊಂದೇ ತಡೆಯಬೇಕು. ಹಿಂದಿನಿಂದ ಭಾರ ನೂಕಿದರೆ ಟ್ರ್ಯಾಕ್ಟರ್ ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ. ಏರಿನಲ್ಲಿ ಇದಕ್ಕೆ ತದ್ವಿರುದ್ಧ, ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಅದನ್ನು ಸಾಹಸ ಅಂತ ವಿಡಿಯೋ ಮಾಡಿ ಹಾಕುತ್ತಾರೆ. ಮುಂದಿನ ಗಾಲಿ ಎದ್ದ ಟ್ರ್ಯಾಕ್ಟರಿಗೆ ಸ್ಟೇರಿಂಗ್ ಅನ್ನುವುದೇ ಇರುವುದಿಲ್ಲ. ಆ ವಿಡಿಯೋಗಳಿಗೆ ಲೈಕ್ ಒತ್ತುವವರು ಇದನ್ನು ತಿಳಿದುಕೊಳ್ಳಬೇಕು.

ಸಂಡೂರು_ಕೆಂಪುಮಣ್ಣು

ಎಲ್ಲರೂ ಉದ್ದದ ಬಗ್ಗೆ ಹೇಳುತ್ತಿದ್ದೀರಿ, ನಾನು ಭಾರದ ಬಗ್ಗೆ ಹೇಳುತ್ತೇನೆ. ಕಬ್ಬಿಣದ ಅದಿರಿನ ಭರಾಟೆಯ ಕಾಲ ನೋಡಿದ ಊರು ನಮ್ಮದು. ಸಂಡೂರು, ಹೊಸಪೇಟೆಯಿಂದ ಬಂದರಿನ ಕಡೆ ಹೋಗುತ್ತಿದ್ದ ಲಾರಿಗಳು ಉದ್ದ ಇರಲಿಲ್ಲ. ಸಾಮಾನ್ಯ ಲಾರಿಗಳೇ. ಆದರೆ ಮಿತಿ ಮೀರಿ ತುಂಬುತ್ತಿದ್ದರು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರ ವರದಿಯಲ್ಲೂ ಓವರ್‌ಲೋಡ್ ವಿಷಯ ಬಂತು. ಆಮೇಲೆ ರಸ್ತೆ ಏನಾಯಿತು ಅಂತ ಆ ಕಡೆ ಓಡಾಡಿದವರಿಗೆಲ್ಲ ಗೊತ್ತು.

ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಯಲ್ಲಿ ಎ.ಎ.ಎಸ್.ಎಚ್.ಒ. (ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪರೀಕ್ಷೆ ಅಂತ ಮಾಡಿದರು. ರಸ್ತೆಗೆ ಆಗುವ ಹಾನಿ ಆಕ್ಸಲ್ (ಗಾಲಿಗಳನ್ನು ಹಿಡಿದಿರುವ ಅಡ್ಡ ಸರಳು) ಭಾರದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಅಂತ ಅದರಿಂದ ಗೊತ್ತಾಯಿತು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. ನಮ್ಮಲ್ಲಿ 2018ರಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸಲ್ ಮಿತಿಯನ್ನು 10.2 ಟನ್‌ನಿಂದ 11.5ಕ್ಕೆ ಏರಿಸಿದರು. ಏರಿದ್ದು ಸುಮಾರು 13%, ಹಾನಿಯ ಲೆಕ್ಕದಲ್ಲಿ ಅದು ಸುಮಾರು 60%.

ಅದಕ್ಕೇ ಗಾಲಿ ಹೆಚ್ಚಿರುವ ಉದ್ದ ಗಾಡಿ ರಸ್ತೆಗೆ ಒಳ್ಳೆಯದೇ ಇರಬಹುದು ಅನ್ನುತ್ತೇನೆ. ಪರ್ತಿನವರು ಹೇಳಲಿ, ನಿಮ್ಮ ಬಿ-ಡಬಲ್‌ಗೆ ಎಷ್ಟು ಆಕ್ಸಲ್?

ಪರ್ತ್_ಕನ್ನಡಿಗ

ಒಂಬತ್ತು. ಸಾಮಾನ್ಯ ಮಿತಿಯಲ್ಲಿ ಒಟ್ಟು 62.5 ಟನ್. ಆರು ಆಕ್ಸಲ್‌ನ ಒಂಟಿ ಟ್ರೇಲರ್ ಗಾಡಿಗೆ 42.5 ಟನ್. 20 ಟನ್ ಹೆಚ್ಚಾದರೂ ಒಂದೊಂದು ಆಕ್ಸಲ್ ಮೇಲೆ ಬೀಳುವ ಭಾರ ಹೆಚ್ಚಿಲ್ಲ, ಸರಾಸರಿ ನೋಡಿದರೆ ಕೂದಲೆಳೆ ಕಡಿಮೆಯೇ. ನಿಮ್ಮ ಮಾತು ಸರಿ. ಸೇತುವೆ ಮಾತ್ರ ಬೇರೆ ವಿಷಯ. ಅಲ್ಲಿ ಒಟ್ಟು ಭಾರ ಎಷ್ಟು ಉದ್ದಕ್ಕೆ ಹರಡಿದೆ ಅನ್ನುವುದನ್ನೂ ನೋಡಬೇಕು. ಭಾರ ತಾಳದ ಹಳೆಯ ಸೇತುವೆ ಇರುವ ಕಡೆ ಇಲ್ಲೂ ಪರವಾನಗಿ ಕೊಡುವುದಿಲ್ಲ.

ಕ್ಯಾಲ್ಗರಿಯಿಂದ

ಕೆನಡಾದ ಅಲ್ಬರ್ಟಾದಲ್ಲಿದ್ದೇನೆ. ಇಲ್ಲೂ ಉದ್ದ ಗಾಡಿಗಳಿವೆ. ಅವುಗಳ ಅಪಘಾತ ದರ ಬೇರೆ ಲಾರಿಗಳಿಗಿಂತ ಕಡಿಮೆ ಅಂತ ಇಲ್ಲಿ ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಈ ಮಾತನ್ನು ಹಿಡಿದುಕೊಂಡು 'ನೋಡಿ, ಉದ್ದ ಗಾಡಿಯೇ ಸುರಕ್ಷಿತ' ಅನ್ನುವವರು ಇದ್ದಾರೆ. ಅದು ಪೂರ್ತಿ ಸರಿಯಲ್ಲ. ಆ ಗಾಡಿಗಳಿಗೆ ವಿಶೇಷ ಪರವಾನಗಿ ಬೇಕು. ಗೊತ್ತುಮಾಡಿದ ರಸ್ತೆಯಲ್ಲೇ ಹೋಗಬೇಕು. ಹಿಮ ಬಿದ್ದು ರಸ್ತೆ ಜಾರುತ್ತಿದ್ದರೆ ಹೊರಡುವ ಹಾಗಿಲ್ಲ. ಅನುಭವ ಇರುವ ಡ್ರೈವರ್‌ಗಳಿಗೆ ಮಾತ್ರ ಕೊಡುತ್ತಾರೆ. ಒಳ್ಳೆಯ ರಸ್ತೆ, ಒಳ್ಳೆಯ ಡ್ರೈವರ್, ಒಳ್ಳೆಯ ಹವಾಮಾನ. ಅಪಘಾತ ಕಡಿಮೆ ಆದದ್ದು ಈ ಷರತ್ತುಗಳಿಂದ. ಷರತ್ತು ಬಿಟ್ಟು ಗಾಡಿಯನ್ನು ಮಾತ್ರ ತಂದರೆ ಅದೇ ಫಲ ಸಿಗುವುದಿಲ್ಲ.

ಷರತ್ತು ಇಲ್ಲದ ಕಡೆ ಏನಾಯಿತು ಅನ್ನುವುದಕ್ಕೆ ಪಕ್ಕದ ಸಸ್ಕಾಚೆವಾನ್ ಪ್ರಾಂತ್ಯ ಸಾಕು. 2018ರ ಏಪ್ರಿಲ್ 6. ಹಂಬೋಲ್ಟ್ ಬ್ರಾಂಕೋಸ್ ಅನ್ನುವ ಹುಡುಗರ ಹಾಕಿ ತಂಡದ ಬಸ್ಸು ಹಳ್ಳಿ ಹೆದ್ದಾರಿ 35ರಲ್ಲಿ ಹೋಗುತ್ತಿತ್ತು. ಅಡ್ಡರಸ್ತೆ 335ರಿಂದ ಎರಡು ಟ್ರೇಲರ್‌ನ ಲಾರಿ ಬಂತು. ಕ್ರಾಸಿನಲ್ಲಿ ದೊಡ್ಡ ಸ್ಟಾಪ್ ಫಲಕ, ಮಿನುಗುವ ಕೆಂಪು ದೀಪ ಇತ್ತು. ಲಾರಿ ನಿಲ್ಲಲಿಲ್ಲ. 16 ಜನ ಸತ್ತರು, 13 ಜನ ಗಾಯಗೊಂಡರು. ಡ್ರೈವರ್ ಕೆಲಸಕ್ಕೆ ಸೇರಿ ಕೆಲವೇ ವಾರ ಆಗಿತ್ತು. ಹಿಂದಿನ ಟ್ರೇಲರಿನ ಟಾರ್ಪಾಲ್ ಬಡಿದಾಡುತ್ತಿತ್ತು, ಅವನ ಗಮನ ಅದರ ಮೇಲಿತ್ತು. ಕುಡಿದಿರಲಿಲ್ಲ, ಗಾಡಿಯಲ್ಲಿ ದೊಡ್ಡ ದೋಷವೂ ಇರಲಿಲ್ಲ. ಎರಡು ಟ್ರೇಲರ್ ಎಳೆಯುವುದು ಅವನಿಗೆ ಹೊಸದು, ಅಷ್ಟೇ.

ಅದಾದ ಮೇಲೆ 2019ರ ಮಾರ್ಚಿನಿಂದ ಸಸ್ಕಾಚೆವಾನ್‌ನಲ್ಲಿ ಹೊಸ ಸೆಮಿ (ಟ್ರೇಲರ್ ಎಳೆಯುವ) ಲಾರಿ ಡ್ರೈವರ್‌ಗೆ ಕನಿಷ್ಠ 121.5 ಗಂಟೆ ತರಬೇತಿ ಕಡ್ಡಾಯ ಮಾಡಿದರು. ಅದಕ್ಕೆ ಮುಂಚೆ ಆ ನಿಯಮ ಇದ್ದಿದ್ದರೆ ಅಂತ ಇಲ್ಲಿನ ತಾಯಂದಿರು ಇವತ್ತಿಗೂ ಹೇಳುತ್ತಾರೆ.

ಅಮೆರಿಕ ಬೇರೆ ದಾರಿ ಹಿಡಿಯಿತು. 1991ರ ಕಾನೂನಿನಲ್ಲಿ ಆಗ ಎಲ್ಲೆಲ್ಲಿ ಉದ್ದ ಗಾಡಿ ಓಡುತ್ತಿತ್ತೋ ಅಲ್ಲಿಗೇ ನಿಲ್ಲಿಸಿದರು, ಹೊಸ ರಾಜ್ಯಗಳಿಗೆ ಹಬ್ಬಲು ಬಿಡಲಿಲ್ಲ.

ಮುಧೋಳ_ಟ್ರ್ಯಾಕ್ಟರ್

ಕ್ಯಾಲ್ಗರಿಯವರು ಬರೆದದ್ದು ಓದಿ ಮನಸ್ಸಿಗೆ ಬಹಳ ಕೆಟ್ಟದ್ದಾಯಿತು. ನಮ್ಮಲ್ಲಿ ಹಂಗಾಮಿಗೆ ಬರುವ ಡ್ರೈವರ್ ಹುಡುಗರಿಗೂ ಯಾರೂ ಏನೂ ಕಲಿಸುವುದಿಲ್ಲ. ಹೊಲದಲ್ಲಿ ಕಲಿತು ನೇರ ಹೆದ್ದಾರಿಗೆ ಬರುತ್ತಾರೆ.

ಆದರೆ ಎಲ್ಲವನ್ನೂ ಟ್ರ್ಯಾಕ್ಟರಿನವನ ಮೇಲೆ ಹೊರಿಸಬೇಡಿ. ಟನ್ ಲೆಕ್ಕ ಇಟ್ಟವರು ಕಾರ್ಖಾನೆಯವರು. ಗಾಡಿ ತೂಗುವ ಕಾಟಾ ಅವರ ಗೇಟಿನಲ್ಲೇ ಇದೆ. ನನ್ನ ಡಬ್ಬಿಯಲ್ಲಿ ಎಷ್ಟು ಭಾರ ಇದೆ ಅಂತ ಪೊಲೀಸರಿಗಿಂತ ಮೊದಲು ಗೊತ್ತಾಗುವುದು ಅವರಿಗೆ. ಇಂತಿಷ್ಟಕ್ಕಿಂತ ಜಾಸ್ತಿ ತಂದ ಕಬ್ಬಿಗೆ ಬಾಡಿಗೆ ಇಲ್ಲ ಅಂತ ಅವರು ಹೇಳಿದರೆ ಒಬ್ಬನೂ ಜಾಸ್ತಿ ತುಂಬುವುದಿಲ್ಲ. ನಾನೊಬ್ಬನೇ ಕಡಿಮೆ ತುಂಬಿದರೆ ನನ್ನ ಟ್ರಿಪ್ ಇನ್ನೊಬ್ಬನ ಪಾಲಾಗುತ್ತದೆ.

ಕೃಷ್ಣಾತೀರ

ಅಣ್ಣಾವ್ರೇ, ಈ ಚರ್ಚೆಯಲ್ಲಿ ಬಂದ ಅತಿ ಉಪಯೋಗದ ಮಾತು ಇದು ಅನಿಸುತ್ತದೆ. ರಸ್ತೆಯಲ್ಲಿ ನೂರಾರು ಟ್ರ್ಯಾಕ್ಟರ್ ಹಿಡಿಯುವುದು ಕಷ್ಟ. ಎಲ್ಲವೂ ಬಂದು ಸೇರುವುದು ಒಂದೇ ಗೇಟಿಗೆ. ಭಾರ, ದೀಪ, ಪಿನ್ನು, ಚೈನು, ಎಲ್ಲವನ್ನೂ ಅಲ್ಲೇ ನೋಡಬಹುದು. ಹಂಗಾಮು ಶುರುವಾಗುವಾಗ ರಿಫ್ಲೆಕ್ಟರ್ ಅಂಟಿಸಿ ಫೋಟೋ ತೆಗೆಸುತ್ತಾರೆ, ಒಳ್ಳೆಯದೇ. ಆದರೆ ಎರಡು ವಾರದಲ್ಲಿ ಧೂಳು, ಕಬ್ಬಿನ ಹಾಲು ಮೆತ್ತಿಕೊಂಡು ಅದು ಹೊಳೆಯುವುದೇ ಇಲ್ಲ. ಪ್ರತಿ ಸಲ ಖಾಲಿ ಡಬ್ಬಿ ಹೊರಗೆ ಹೋಗುವಾಗ ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಕಳಿಸಿದರೆ ಸಾಕು. ರಿಫ್ಲೆಕ್ಟರ್ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 104 ಹೇಳುತ್ತದೆ, ಇದಕ್ಕೆ ಹೊಸ ಕಾನೂನು ಏನೂ ಬೇಡ.

ರೋಡ್ ಟ್ರೇನ್ ಬಗ್ಗೆ ನಾನು ಬಸ್ಸಿನವರ ಪಕ್ಷ. 80ರ ವೇಗದ ರಸ್ತೆಯಲ್ಲಿ ಓವರ್‌ಟೇಕ್‌ಗೆ ನಮ್ಮ ಐ.ಆರ್.ಸಿ. ಹಿಡಿಯುವ ನೋಟದ ದೂರ 470 ಮೀಟರ್. ಮಾಮೂಲಿ ಗಾಡಿ ದಾಟಲಿಕ್ಕೇ ಅಷ್ಟು. ನಮ್ಮ ಎಷ್ಟೋ ರಸ್ತೆಗಳಲ್ಲಿ ಅದೂ ಸಿಗುವುದಿಲ್ಲ. ನಾಲ್ಕು ಪಥ, ಡಿವೈಡರ್, ಎರಡೂ ತುದಿಯಲ್ಲಿ ಟ್ರೇಲರ್ ಬಿಚ್ಚುವ ಜಾಗ, ಇಷ್ಟು ಇರುವ ಕಡೆ ಓಡಲಿ. ಡಿಪೋದಿಂದ ಕೊನೆಯ ಹತ್ತು ಕಿಲೋಮೀಟರ್ ಹಳ್ಳಿ ರಸ್ತೆಯಲ್ಲಿ ಹೋಗುತ್ತೇನೆ ಅಂದರೆ ಬಿಡಬಾರದು.

ಸಂಡೂರು_ಕೆಂಪುಮಣ್ಣು

ಒಪ್ಪಿದೆ. ಆದರೆ ರಾತ್ರಿ ಡಬಲ್ ಡಬ್ಬಿ ಪೂರ್ತಿ ನಿಲ್ಲಿಸಬೇಕು ಅನ್ನುವುದು ನನ್ನ ವಾದ. ಇದರಲ್ಲಿ ರಾಜಿ ಇಲ್ಲ.

ಮುಧೋಳ_ಟ್ರ್ಯಾಕ್ಟರ್

ಅದು ಆಗದ ಮಾತು. ಹಗಲು ಮಾತ್ರ ಅಂದರೆ ಯಾರ್ಡಿನಲ್ಲಿ ಪಾಳಿ ಎರಡು ಪಟ್ಟಾಗುತ್ತದೆ, ಕಬ್ಬು ಹೊಲದಲ್ಲೇ ಒಣಗುತ್ತದೆ. ಕಾರ್ಖಾನೆಯವರು ಟೋಕನ್ ಕೊಟ್ಟು ಇಂಥ ಹೊತ್ತಿಗೆ ಬಾ ಅಂತ ಹೇಳಲಿ, ಆಗ ರಾತ್ರಿ ಓಡಾಟ ತಾನಾಗಿ ಕಡಿಮೆ ಆಗುತ್ತದೆ. ಅಲ್ಲಿಯವರೆಗೆ ದೀಪ ಹಾಕಿಸಲು ನಾನು ತಯಾರು. ವೆಲ್ಡಿಂಗ್ ಅಣ್ಣಾ, ಎರಡು ಡಬ್ಬಿಗೆ ಏನೇನು ಮಾಡಬೇಕು ಹೇಳು.

ವೆಲ್ಡಿಂಗ್_ಕೆಲಸ

ಹಂಗಾಮಿಗೆ ಮುಂಚೆ ಖಾಲಿ ಡಬ್ಬಿ ತಗೊಂಡು ಬಾ. ಮೊದಲು ಡ್ರಾಬಾರಿನ ಸವೆದ ತೂತು ಕತ್ತರಿಸಿ ತೆಗೆದು ಹೊಸ ಬುಷ್ (ತೂತಿನೊಳಗಿನ ಬಳೆ) ಕೂರಿಸುತ್ತೇನೆ. ಲಾಕ್ ಇರುವ ಪಿನ್ನು, ಎರಡೂ ಜೋಡಣೆಗೆ ಅಡ್ಡಹಾಯ್ದ ಎರಡೆರಡು ಚೈನು. ಹಿಂದಿನ ದೀಪವನ್ನು ಡಬ್ಬಿಯ ಬದಿಗೆ ಹಾಕುವುದು ಬೇಡ, ಕಬ್ಬು ಮುಚ್ಚುತ್ತದೆ. ಚಾಸಿಯಿಂದ ಹಿಂದಕ್ಕೆ ಒಂದು ಕಬ್ಬಿಣದ ಪಟ್ಟಿ ಚಾಚಿ, ಗಾಲಿಯ ಎತ್ತರದಲ್ಲಿ ಕೂರಿಸೋಣ. ಪಟ್ಟಿಗೇ ಕೆಂಪು ರಿಫ್ಲೆಕ್ಟರ್ ಟೇಪು. ವೈರು ಡ್ರಾಬಾರಿನ ಪೈಪಿನೊಳಗೆ ಹೋಗಲಿ, ಎರಡು ಡಬ್ಬಿಯ ಮಧ್ಯೆ ಪ್ಲಗ್ ಇರಲಿ. ಬಿಚ್ಚಿ ಹಾಕಲು ಸುಲಭ ಇದ್ದರೆ ಮಾತ್ರ ಹುಡುಗರು ದಿನಾ ಹಾಕುತ್ತಾರೆ. ಬ್ರೇಕ್ ಮಾತ್ರ ಹಳೆಯ ಆಕ್ಸಲ್‌ಗೆ ಕೂರುವುದಿಲ್ಲ, ಆಕ್ಸಲ್ಲೇ ಬದಲಾಯಿಸಬೇಕು. ಅದಕ್ಕೆ ದುಡ್ಡು ಜಾಸ್ತಿ ಆಗುತ್ತದೆ. ಎರಡಕ್ಕೂ ಒಮ್ಮೆಗೇ ಆಗದಿದ್ದರೆ ಹಿಂದಿನ ಡಬ್ಬಿಗೆ ಮೊದಲು ಮಾಡಿಸು. ಅದು ನಿಂತರೆ ಮುಂದಿನದನ್ನೂ ಟ್ರ್ಯಾಕ್ಟರನ್ನೂ ನೇರ ಹಿಡಿದಿಡುತ್ತದೆ.